ಆಚೆ ದಡದ ಕಲ್ಲು

ನವೆಂಬರ್ ೪, ಸೋಮವಾರ

ನಾಗಭೂಷಣ್ ಫೋನ್ ಮಾಡಿದ್ದ. ತುಮಕೂರಲ್ಲಿ ಬಿ.ಎಸ್ಸಿ ಓದುವಾಗ ಇಬ್ಬರೂ ಒಂದೇ ಬೆಂಚು. ಅವನು ಭೂವಿಜ್ಞಾನ ಹಿಡಿದು ಹೋಗಿ ಬೆಂಗಳೂರಲ್ಲಿ ಸಂಶೋಧಕನಾದ. ನಾನು ಬಿ.ಎಡ್. ಮುಗಿಸಿ ಗುಬ್ಬಿಯಲ್ಲಿ ವಿಜ್ಞಾನದ ಮೇಷ್ಟ್ರಾದೆ. ಏಪ್ರಿಲ್‌ನಲ್ಲಿ ಚೇಳೂರಿನಾಚೆ ಓಬಳಯ್ಯನ ತೋಟದ ಪಕ್ಕದ ಹಳ್ಳದಲ್ಲಿ ಒಂದು ಕಲ್ಲು ನೋಡಿ ಫೋಟೋ ತೆಗೆದಿದ್ದೆ. ಈರುಳ್ಳಿ ಹೆಚ್ಚಿಟ್ಟ ಹಾಗೆ ಸುತ್ತಿನ ಒಳಗೆ ಸುತ್ತು. ಅವನಿಗೆ ಕಳಿಸಿದ್ದೆ, ಉತ್ತರ ಬರಲಿಲ್ಲ, ಮರೆತೂಬಿಟ್ಟಿದ್ದೆ.

"ಲಕ್ಷ್ಮೀಕಾಂತ, ಇದನ್ನ ಎಲ್ಲಿ ನೋಡ್ದೆ ಮಾರಾಯ? ನಾನು ಇವತ್ತು ದೊಡ್ಡದು ಮಾಡಿ ನೋಡಿದೆ ಕಣೋ. ಸ್ಟ್ರೊಮಾಟೊಲೈಟ್ ಇದ್ದಂಗಿದೆ."

ಪಳೆಯುಳಿಕೆ. ಕಣ್ಣಿಗೆ ಕಾಣದಂಥ ಜೀವಿಗಳು ಪಾಚಿಯ ಹಾಗೆ ಲೋಳೆ ಕಟ್ಟಿ, ಅದರ ಮೇಲೆ ಮಣ್ಣು ಕೂತು, ಅದರ ಮೇಲೆ ಮತ್ತೆ ಲೋಳೆ ಕಟ್ಟಿ, ಪದರಪದರವಾಗಿ ಕಲ್ಲಾದದ್ದು. ಇನ್ನೂರೈವತ್ತು ಕೋಟಿ ವರ್ಷದ್ದಿರಬಹುದು ಅಂದ. ಇದ್ದ ಜಾಗದಲ್ಲೇ ನೋಡಬೇಕು, ಕಿತ್ತು ತರಬಾರದು ಅಂದ. ಡಿಸೆಂಬರ್ ಒಂದನೇ ತಾರೀಖು ಭಾನುವಾರ, ಇಬ್ಬರು ವಿದ್ಯಾರ್ಥಿಗಳನ್ನ ಕರಕೊಂಡು ಬರುತ್ತಾನಂತೆ.

ತೊಂದರೆ ಏನೆಂದರೆ ಕಲ್ಲು ಆಚೆ ದಡದ ಬುಡದಲ್ಲಿದೆ. ಏಪ್ರಿಲ್‌ನಲ್ಲಿ ಹಳ್ಳ ಒಣಗಿತ್ತು, ನಡೆದುಕೊಂಡು ಹೋಗಿದ್ದೆ. ಈ ಸಲ ಮೇಲಿನ ಕೆರೆ ತುಂಬಿ ಕೋಡಿ ಬಿದ್ದಿದೆ, ಹಳ್ಳ ಹರೀತಿದೆ. ಕೆಳಗಡೆ ಚೆಕ್ ಡ್ಯಾಮ್ ಬೇರೆ ಕಟ್ಟುತ್ತಿದ್ದಾರೆ. ಸಂಕ್ರಾಂತಿ ಹೊತ್ತಿಗೆ ಅದಕ್ಕೆ ಹಲಗೆ ಇಳಿಸಿದರೆ ಕಲ್ಲು ನೀರೊಳಗೆ ಹೋಯಿತು, ಆಮೇಲೆ ಯಾವ ಕಾಲಕ್ಕೋ.

"ನೀರು ಎಷ್ಟಿದೆ ಅಂತ ನೋಡಿ ಹೇಳೋದು ನಿನ್ನ ಕೆಲ್ಸ. ಹುಡುಗರನ್ನ ಕರ್ಕೊಂಡು ಬರ್ತೀನಿ, ಎಚ್ಚರ."

ನೋಡಿ ಹೇಳುತ್ತೇನೆ ಅಂದೆ. ನೋಡೋಕೆ ಮೊದಲು ಮನೆಯಿಂದ ಹೊರಗೆ ಹೋಗಬೇಕಲ್ಲ. ನಾನು ಮಾತಾಡುತ್ತಿರುವಾಗಲೇ ಅಪ್ಪ ಬಾಗಿಲ ಚಿಲಕ ಅಲ್ಲಾಡಿಸುತ್ತಿದ್ದರು.


ನವೆಂಬರ್ ೬

ಅಪ್ಪನನ್ನು ಬಿಟ್ಟು ಹೋಗೋ ಹಾಗಿಲ್ಲ. ಪ್ರೈವೇಟ್ ಬಸ್ಸಲ್ಲಿ ಕಂಡಕ್ಟರ್ ಆಗಿದ್ದವರು, ಗುಬ್ಬಿ–ಚೇಳೂರು ರೂಟಿನಲ್ಲಿ ನರಸಿಂಹಯ್ಯ ಅಂದರೆ ಗೊತ್ತಿಲ್ಲದವರಿರಲಿಲ್ಲ. ಈಗ ಅವರಿಗೇ ಏನೂ ಗೊತ್ತಿಲ್ಲ. ಡ್ಯೂಟಿಗೆ ಲೇಟಾಯಿತು ಅಂತ ಎದ್ದು ಹೊರಡುತ್ತಾರೆ. ಗೌರಿ ಹಬ್ಬದ ಹಿಂದಿನ ದಿನ ಬಸ್ ಹತ್ತಿ ಹೋಗಿ ನಿಟ್ಟೂರಲ್ಲಿ ಸಿಕ್ಕಿದರು, ಕಾಲಲ್ಲಿ ಚಪ್ಪಲಿ ಇಲ್ಲ.

ನನ್ನ ಹೆಂಡತಿ ಮಂಜುಶ್ರೀಗೆ ಆಗಸ್ಟ್‌ನಲ್ಲಿ ಕುಣಿಗಲ್ ಆಸ್ಪತ್ರೆಗೆ ವರ್ಗವಾಯಿತು. ಆರ್ಡರ್ ಬಂದಿದೆ, ಏನು ಮಾಡೋಕಾಗುತ್ತೆ ಅಂದಳು. ಸ್ಟಾಫ್ ನರ್ಸಿನ ಶಿಫ್ಟು, ದಿನಾ ಓಡಾಡೋಕೆ ಆಗಲ್ಲ, ಅಲ್ಲೇ ರೂಮು. ರಜಾ ಸಿಕ್ಕಿದ ಭಾನುವಾರ ಬರುತ್ತಾಳೆ. ನಾನು ಸ್ಕೂಲಲ್ಲಿದ್ದಾಗ ಪಕ್ಕದ ಮನೆ ಮಹಾದೇವಯ್ಯನವರ ಹೆಂಡತಿ ಲಕ್ಷ್ಮೀದೇವಮ್ಮ ಬಂದು ಅಪ್ಪನ ಜೊತೆ ಕೂತಿರುತ್ತಾರೆ. ನಾನು ಗೇಟು ತೆಗೆದ ತಕ್ಷಣ ಅವರು ಎದ್ದು ಹೋಗುತ್ತಾರೆ. ಅಲ್ಲಿಂದ ಬೆಳಗಿನವರೆಗೆ ನಾನು, ಅಪ್ಪ, ನಾಲ್ಕು ಗೋಡೆ.

ಸ್ನಾನ ಮಾಡಿಸುವಾಗ ಇವತ್ತು ಕೆನ್ನೆಗೆ ಹೊಡೆದರು. "ಯಾವನೋ ನೀನು" ಅಂದರು.


ನವೆಂಬರ್ ೯

ಓಬಳಯ್ಯನಿಗೆ ಫೋನ್ ಮಾಡಿ ನೀರು ಎಷ್ಟಿದೆ ಅಂತ ಕೇಳಿದೆ. "ಎತ್ತಿನ ಹೊಟ್ಟೆ ಮುಟ್ಟಲ್ಲ ಸಾ, ಬನ್ನಿ" ಅಂದ. ಮೊನ್ನೆ ಕೇಳಿದಾಗ "ಎತ್ತಿನ ಹೊಟ್ಟೆ ಮುಟ್ತೈತೆ" ಅಂದಿದ್ದ. ಯಾವ ಎತ್ತು ಅಂತ ಕೇಳಿದೆ. ಎತ್ತು ಮಾರಿ ಎರಡು ವರ್ಷ ಆಯಿತಂತೆ.

ಫೋಟೋ ಕಳಿಸು ಅಂದೆ. ಬರೀ ನೀರು ಬಂತು. ಪಕ್ಕದಲ್ಲಿ ಕಡ್ಡಿ ಇಲ್ಲ, ಕಲ್ಲಿಲ್ಲ. ಅದು ಹಳ್ಳವೋ ಬಚ್ಚಲೋ ಗೊತ್ತಾಗಲ್ಲ.


ನವೆಂಬರ್ ೧೦, ಭಾನುವಾರ

ಮಂಜು ಬಂದಿದ್ದಾಳೆ. ಅಪ್ಪನನ್ನು ಅವಳ ಕೈಗೆ ಕೊಟ್ಟು ಬೈಕ್ ತೆಗೆದೆ. ಚೇಳೂರು ರಸ್ತೆಗೆ ಬಿದ್ದಾಗ ಗಾಳಿ ಮುಖಕ್ಕೆ ಬಡಿದು, ರಾಗಿ ಹೊಲ ಎರಡೂ ಕಡೆ ಕೆಂಪಗೆ ಬಾಗಿರುವುದನ್ನು ನೋಡಿ, ಕಾರಣ ಇಲ್ಲದೆ ಜೋರಾಗಿ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಹಿಂದೆ ಟಾಟಾ ಏಸ್ ಬರುತ್ತಿತ್ತು.

ಹಳ್ಳ ಕೆಂಪಗೆ ಹರಿಯುತ್ತಿದೆ. ನಡುಮಧ್ಯೆ ಎದೆಮಟ್ಟ ಇರಬೇಕು. ಬೇಲಿ ಗಿಡಗಳಿಗೆ ಕಸಕಡ್ಡಿ ಸಿಕ್ಕಿಕೊಂಡಿರುವ ಎತ್ತರ ನೋಡಿದರೆ ವಾರದ ಹಿಂದೆ ಇನ್ನೂ ಒಂದು ಮೊಳ ಮೇಲಿತ್ತು ಅಂತ ತಿಳಿಯುತ್ತದೆ. ಅಂದರೆ ಇಳಿಯುತ್ತಿದೆ. ಸ್ಕೂಲಿನ ಪೇಂಟಲ್ಲಿ ಗೆರೆ ಎಳೆದ ಸರ್ವೆ ಮರದ ಕೋಲೊಂದನ್ನು ದಡದ ಹತ್ತಿರ ನೆಟ್ಟು ಬಂದೆ. ಆಚೆ ದಡದಲ್ಲಿ ಕಲ್ಲು ಕಾಣಲೇ ಇಲ್ಲ. ಅದಿರುವ ಕಡೆ ನೀರು ಸ್ವಲ್ಪ ಉಬ್ಬಿ ಹರಿಯುತ್ತದೆ, ಅಷ್ಟೇ.

ಮನೆಗೆ ಬಂದಾಗ ಮಂಜು ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಅಪ್ಪ ಅವಳ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು.


ನವೆಂಬರ್ ೧೩

ಮೂರು ದಿನದಲ್ಲಿ ಎಷ್ಟು ಇಳಿದಿದೆ ಅಂತ ಗೊತ್ತಾಗದಿದ್ದರೆ ಮುಂದಿನ ಲೆಕ್ಕ ಹಾಕೋಕಾಗಲ್ಲ. ಲಕ್ಷ್ಮೀದೇವಮ್ಮನವರನ್ನು ಇನ್ನೊಂದು ಗಂಟೆ ಕೂರುತ್ತೀರಾ ಅಂತ ಕೇಳಿದೆ. ಮನೇಲಿ ಕೆಲಸ ಬಿದ್ದಿದೆ ಕಣಪ್ಪ ಅಂದರು.

ಅಪ್ಪನಿಗೆ ಕಾಫಿ ಕೊಟ್ಟು, ಟೀವಿ ಹಾಕಿ, ಅಡುಗೆ ಮನೆ ಬಾಗಿಲು ಮುಚ್ಚಿ, ಗ್ಯಾಸ್ ಆಫ್ ಮಾಡಿ, ಹೊರಗಿಂದ ಬೀಗ ಹಾಕಿಕೊಂಡು ಹೋದೆ. ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ಕೋಲು ನೋಡಿದೆ, ನಾಲ್ಕು ಬೆರಳು ಇಳಿದಿದೆ, ತಿರುಗಿ ಬಂದೆ. ಅಪ್ಪ ಅದೇ ಕುರ್ಚಿಯಲ್ಲಿ ಅದೇ ಟೀವಿ ನೋಡುತ್ತಿದ್ದರು. ನಾನು ಹೋಗಿದ್ದೇ ಗೊತ್ತಾಗಿಲ್ಲ.


ನವೆಂಬರ್ ೧೫

ಮತ್ತೆ ಹೋಗಿ ಬಂದೆ. ಒಂದು ಗೇಣು ಇಳಿದಿದೆ. ನೀರಿನ ಕೆಂಪು ಹೋಗಿ ಟೀ ಬಣ್ಣಕ್ಕೆ ಬಂದಿದೆ. ಅಪ್ಪ ಆರಾಮಾಗಿದ್ದರು.


ನವೆಂಬರ್ ೧೯

ಕೋಲು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಟೊಮ್ಯಾಟೊ ಗಿಡಕ್ಕೆ ಊರುಗೋಲು ಮಾಡಿಕೊಂಡಿರುತ್ತಾರೆ ಅಂತ ಓಬಳಯ್ಯ ನಕ್ಕ. ಇರಲಿ. ನನಗೀಗ ಕೋಲು ಬೇಕಿಲ್ಲ. ಸದ್ದು ಕೇಳಿದರೆ ತಿಳಿಯುತ್ತದೆ. ನೀರು ಜಾಸ್ತಿ ಇದ್ದಾಗ ಒಂದೇ ದಪ್ಪ ಸದ್ದು. ಕಡಿಮೆಯಾದಂತೆ ಕಲ್ಲುಗಳು ಎದ್ದು ಬೇರೆ ಬೇರೆ ಸದ್ದಾಗುತ್ತದೆ. ಬಂಡೆ ಮೇಲೆ ಕೂತು ಕೇಳಿದೆ. ಆಮೇಲೆ ಚೇಳೂರಲ್ಲಿ ಟೀ ಕುಡಿದು, ಬಿಸಿ ವಡೆ ತಿಂದು, ಯಾರದೋ ಪೇಪರ್ ಇಸಕೊಂಡು ಪೂರ್ತಿ ಓದಿ ಬಂದೆ.

ಹಳೆ ಬೀಗ ಸಡಿಲ, ಅಪ್ಪ ಒಳಗಿಂದ ಎಳೆದರೆ ಲಟಲಟ ಅನ್ನುತ್ತದೆ, ಪಕ್ಕದವರಿಗೆ ಕೇಳುತ್ತದೆ. ಗುಬ್ಬಿ ಪೇಟೆಯಲ್ಲಿ ಹೊಸದು ತಂದೆ. ಭಾರ ಇದೆ, ಅಲ್ಲಾಡಲ್ಲ.


ನವೆಂಬರ್ ೨೧

ಊಟಕ್ಕೆ ಕೂತಾಗ ಅಪ್ಪ ಪಿಸುಗುಟ್ಟಿದರು. "ಯಾವನೋ ಒಬ್ಬ ಬಂದು ಬಾಗ್ಲು ಹಾಕ್ಕೊಂಡು ಹೋಗ್ತಾನೆ ಕಣೋ."

"ಯಾರಪ್ಪ?"

"ಮುಖ ಕಾಣಲ್ಲ. ಒಳ್ಳೆಯವ್ನಲ್ಲ ಅವ್ನು. ನೀನು ಹುಷಾರು."

ಅವರಿಗೆ ಎಲ್ಲಾ ಗೊಂದಲ. ಮುದ್ದೆ ಮುರಿದು ಬಾಯಿಗಿಟ್ಟೆ. ಇವತ್ತು ಚೆನ್ನಾಗಿ ಉಂಡರು.


ನವೆಂಬರ್ ೨೪, ಭಾನುವಾರ

ಮಂಜುಗೆ ಡ್ಯೂಟಿ, ಬರಲಿಲ್ಲ. ಲಕ್ಷ್ಮೀದೇವಮ್ಮ ಭಾನುವಾರ ಬರಲ್ಲ. ತಿಂಡಿ ಆದ ಮೇಲೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಬಂದೆ. ಆಚೆ ದಡದಲ್ಲಿ ಕಲ್ಲಿನ ನೆತ್ತಿ ಕಾಣಿಸಿತು! ಎಮ್ಮೆಯ ಬೆನ್ನಿನ ಹಾಗೆ ಒಂದಿಷ್ಟೇ. ಹತ್ತಿರ ಹೋಗೋಕೆ ಇನ್ನೂ ಧೈರ್ಯ ಸಾಲದು, ಮಧ್ಯೆ ತೊಡೆಮಟ್ಟ ಇದೆ, ಸೆಳೆತವೂ ಇದೆ.

ಈ ಸ್ಪೀಡಲ್ಲಿ ಇಳಿದರೆ ಒಂದನೇ ತಾರೀಖಿಗೆ ಪಾದ ಮುಳುಗುವಷ್ಟು. ನಾಗಭೂಷಣ್‌ಗೆ ಮೆಸೇಜ್ ಹಾಕಿದೆ. ಲೇಖನ ಬರೆದರೆ ನನ್ನ ಹೆಸರೂ ಹಾಕುತ್ತಾನಂತೆ. ಅದನ್ನ ಓದಿದ ಮೇಲೆ ಅಡುಗೆ ಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಹಾಲು ಉಕ್ಕಿಹೋಯಿತು.


ನವೆಂಬರ್ ೨೮

ತಮಿಳುನಾಡಿನ ಕಡೆ ಚಂಡಮಾರುತವಂತೆ. ಇಲ್ಲಿ ಬರೀ ಮೋಡ, ಆಗಾಗ ಜಡಿ. ನಾಗಭೂಷಣ್ ದಿನಕ್ಕೆರಡು ಸಲ ಕೇಳುತ್ತಾನೆ. "ಶನಿವಾರ ಸಾಯಂಕಾಲ ಫೈನಲ್ ಹೇಳ್ಬಿಡು, ಬರೋದೋ ಬ್ಯಾಡ್ವೋ."

ಇವತ್ತು ಹೊರಡುವಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತರು. ಭುಜ ಹಿಡಿದು ಒಳಗೆ ತಳ್ಳಬೇಕಾಯಿತು. ಮೆಲ್ಲಗೇ ತಳ್ಳಿದೆ.

ನೀರು ಮೊಣಕಾಲಿಗಿಂತ ಕೆಳಗೆ. ಕೋಡಿ ನಿಂತುಹೋಗಿದೆ ಅಂದ ಓಬಳಯ್ಯ.


ಡಿಸೆಂಬರ್ ೨, ಸೋಮವಾರ

ಶನಿವಾರ ನಡೆದದ್ದನ್ನು ಇವತ್ತು ಬರೆಯುತ್ತಿದ್ದೇನೆ. ಮೊನ್ನೆ, ನಿನ್ನೆ ಬರೆಯಲಾಗಲಿಲ್ಲ.

ಶನಿವಾರ ಬೆಳಗಿನ ಸ್ಕೂಲು. ಲಕ್ಷ್ಮೀದೇವಮ್ಮ ಮಧ್ಯಾಹ್ನವೇ ಕೋರ ಅನ್ನೋ ಊರಿಗೆ, ಮಗಳ ಮನೆಗೆ ಹೋದರು. ಅಪ್ಪನಿಗೆ ಉಣ್ಣಿಸಿ, ಟೀವಿ ಹಾಕಿ, ಬೀಗ ಹಾಕಿಕೊಂಡು ಹೊರಟೆ. ಜರಡಿ ಹಿಡಿದಂಥ ಮಳೆ, ಮೈ ನೆನೆಯುವಷ್ಟೂ ಇಲ್ಲ. ಹಳ್ಳಕ್ಕೆ ಬಂದು ನೋಡಿದರೆ ನೀರು ಹಿಮ್ಮಡಿ ಮುಳುಗುವಷ್ಟು, ತಳದ ಮರಳು ಎಣಿಸಬಹುದು ಅನ್ನುವ ಹಾಗೆ ತಿಳಿ. ಬೈಕನ್ನು ತೆಂಗಿನ ಮರಕ್ಕೆ ಒರಗಿಸಿ, ಪ್ಯಾಂಟು ಮಡಿಸಿ, ದಾಟಿಬಿಟ್ಟೆ. ಎಂಟು ತಿಂಗಳ ಮೇಲೆ ಆಚೆ ದಡ.

ಬ್ರಷ್ ತಂದಿದ್ದೆ. ಪಾಚಿ, ಕೆಸರು ಉಜ್ಜಿ ತೆಗೆದು ಬೊಗಸೆಯಲ್ಲಿ ನೀರು ಹೊಯ್ದೆ. ಕಲ್ಲು ಎದ್ದು ಬಂತು. ಏಪ್ರಿಲ್‌ನಲ್ಲಿ ನಾನು ನೋಡಿದ್ದು ಬರೀ ಒಂದು ಮೂಲೆ. ಊಟದ ತಟ್ಟೆಯಷ್ಟಗಲದ ಉಬ್ಬುಗಳು ಒಂದರ ಪಕ್ಕ ಒಂದು, ಎಲೆಕೋಸನ್ನು ಅಡ್ಡ ಕೊಯ್ದು ಜೋಡಿಸಿಟ್ಟ ಹಾಗೆ. ಬೂದು ಗೆರೆ, ತುಕ್ಕು ಬಣ್ಣದ ಗೆರೆ, ಮತ್ತೆ ಬೂದು. ಎರಡು ಉಬ್ಬುಗಳು ಬೆಳೆಯುತ್ತಾ ಬೆಳೆಯುತ್ತಾ ಒಂದಕ್ಕೊಂದು ತಾಗಿ ಮುಂದಿನ ಪದರದಲ್ಲಿ ಒಂದೇ ಆಗಿಬಿಟ್ಟಿವೆ. ಹೊಟ್ಟೆ ಮೇಲೆ ಮಲಗಿ ನೋಡಿದೆ. ಬೆರಳಿಟ್ಟು ಪದರ ಎಣಿಸೋಕೆ ಶುರು ಮಾಡಿದೆ, ತಪ್ಪಿತು, ಮತ್ತೆ ಶುರು ಮಾಡಿದೆ. ಆ ಹೊತ್ತಿನಲ್ಲಿ ನನಗೆ ಅಪ್ಪನ ನೆನಪೇ ಬರಲಿಲ್ಲ. ಮಂಜು, ಸ್ಕೂಲು, ಯಾವುದೂ ಇಲ್ಲ. ನಾನು ಯಾವಾಗ ಇಷ್ಟು ಸುಖವಾಗಿದ್ದೆನೋ ಗೊತ್ತಿಲ್ಲ.

ಸದ್ದು ಬದಲಾದದ್ದು ಕಿವಿಗೆ ಬಿತ್ತು, ಆದರೂ ತಲೆ ಎತ್ತಲಿಲ್ಲ. ತೆಂಗಿನ ಮಟ್ಟೆಯೊಂದು ಬಂದು ಕಲ್ಲಿಗೆ ಬಡಿದಾಗ ಎದ್ದು ನೋಡಿದೆ. ನೀರು ಕೆಂಪಾಗಿತ್ತು. ಬರುವಾಗ ಕಾಲಿಟ್ಟು ಬಂದ ಕಲ್ಲುಗಳು ಒಂದೂ ಇರಲಿಲ್ಲ. ನಾನು ಬ್ರಷ್ ಇಟ್ಟಿದ್ದ ಜಾಗವೇ ಇರಲಿಲ್ಲ.

ಮೇಲಿನ ಗುಡ್ಡದ ಕಡೆ ಬೆಳಗ್ಗೆಯಿಂದ ಜೋರು ಮಳೆಯಾಗಿದೆ. ಕೋಡಿ ನಿಂತಿತ್ತು, ನಿಜ. ಆದರೆ ಕೆರೆ ಅಂಚಿಗೆ ತುಂಬಿಕೊಂಡೇ ಇತ್ತು, ಇನ್ನು ನಾಲ್ಕು ಬಿಂದಿಗೆ ಬಿದ್ದರೂ ಹೊರಗೆ ಚೆಲ್ಲುವ ಹಾಗೆ. ನಾನು ಇಷ್ಟು ದಿನ ಹಳ್ಳ ನೋಡಿದೆ, ಒಂದು ದಿನವೂ ಏರಿ ಹತ್ತಿ ಕೆರೆ ನೋಡಲಿಲ್ಲ.

ಇಳಿದೆ. ಸೊಂಟಕ್ಕೆ ಬರುವಷ್ಟರಲ್ಲಿ ಕಾಲು ಕಿತ್ತುಹೋಯಿತು. ಹೊಂಗೆ ಮರದ ಬೇರು ಕೈಗೆ ಸಿಕ್ಕಿತು, ಎಳೆದುಕೊಂಡು ಮತ್ತೆ ಆಚೆ ದಡಕ್ಕೇ ಬಿದ್ದೆ. ಈಚೆ ದಡದಿಂದ ಓಬಳಯ್ಯ ಎರಡೂ ಕೈ ಎತ್ತಿ ಕೂಗುತ್ತಿದ್ದ.

"ಇಳೀಬ್ಯಾಡಿ ಸಾ! ಇಳೀಬ್ಯಾಡಿ! ಏನ್ ಅವಸ್ರ? ಅಲ್ಲೇ ಕುಂತ್ಕಳಿ, ರಾತ್ರಿಗೆ ಇಳ್ದೋಯ್ತದೆ!"

ಏನು ಅವಸರ ಅಂತ ಹೇಗೆ ಹೇಳಲಿ. ಶರ್ಟಿನ ಜೇಬಿನಲ್ಲಿ ಮನೆ ಬೀಗದ ಕೈ. ಅದರ ಜೊತೆ ಪ್ಲಾಸ್ಟಿಕ್ ಕವರಲ್ಲಿ ಫೋನು.

ಫೋನ್ ಕೈಯಲ್ಲಿ ಹಿಡಿದು ನಿಂತೆ. ಮಹಾದೇವಯ್ಯನವರಿಗೆ ಹೇಳಿದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಸ್ಕೂಲಿಗೆ ಗೊತ್ತಾಗುತ್ತದೆ. ಇನ್ನೊಂದು ಅರ್ಧ ಗಂಟೆ ನೋಡೋಣ, ಇಳಿಯಬಹುದು ಅಂದುಕೊಂಡೆ. ಮತ್ತೆ ಅರ್ಧ ಗಂಟೆ ಅಂದುಕೊಂಡೆ. ನೀರು ಇಳಿಯುತ್ತದೋ ಇಲ್ಲವೋ ನನಗೆ ಗೊತ್ತಾಗುವುದಕ್ಕೆ ಒಂದು ನಿಮಿಷ ಸಾಕಿತ್ತು, ಅಷ್ಟು ದಿನ ಅದನ್ನೇ ನೋಡಿದ್ದೆ. ಆದರೂ ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ಓಬಳಯ್ಯನ ಪಂಪ್‌ಹೌಸಿನ ದೀಪ ಆರಿತು. ದೂರದ ಊರಿನ ದೀಪಗಳೂ ಆರಿದವು. ಎಲ್ಲಾ ಕಡೆ ಕರೆಂಟು ಹೋಗಿತ್ತು. ಅಪ್ಪ ಕತ್ತಲಲ್ಲಿದ್ದಾರೆ.

ಆಗ ಮಾಡಿದೆ.

"ಮಹಾದೇವಯ್ಯನವರೇ, ಅಪ್ಪ ಒಬ್ಬರೇ ಒಳಗಿದಾರೆ."

"ಚಿಲಕ ಹಾಕ್ಕೊಂಡ್ಬಿಟ್ರಾ?"

"ಇಲ್ಲ. ಹೊರಗಡೆಯಿಂದ ಬೀಗ. ಕೀ ನನ್ನ ಹತ್ರ ಇದೆ. ನಾನು ಚೇಳೂರಿನಾಚೆ ಇದೀನಿ, ಹಳ್ಳ ಬಂದ್ಬಿಟ್ಟಿದೆ."

"ಒಡೀಲಾ?"

"ಒಡೀರಿ."

ಆಚೆ ಕಡೆ ಹೊಲದಲ್ಲಿ ನಡೆದು, ಯಾವುದೋ ಊರು ಸೇರಿ, ಹಾಲಿನ ವ್ಯಾನು ಹತ್ತಿ, ಬಸ್ ಹಿಡಿದು ಗುಬ್ಬಿಗೆ ಬಂದೆ. ಬಾಗಿಲ ಚೌಕಟ್ಟಿನಿಂದ ಚಿಲಕ ಕಿತ್ತು ನೇತಾಡುತ್ತಿತ್ತು. ಬೀಗ ಮಾತ್ರ ಹಾಗೇ ಗಟ್ಟಿಯಾಗಿತ್ತು. ಒಳಗೆ ಎಮರ್ಜೆನ್ಸಿ ಲ್ಯಾಂಪಿನ ಬೆಳಕಲ್ಲಿ ಅಪ್ಪ ಕಂಬಳಿ ಹೊದ್ದು ಮಂಚದ ಮೇಲಿದ್ದರು. ಬಲಗೈಗೆ ಮಹಾದೇವಯ್ಯ ಟವೆಲ್ ಸುತ್ತಿದ್ದರು, ಅದರಲ್ಲಿ ರಕ್ತ. ಬಾಗಿಲ ಸಂದಿಗೆ ಬೆರಳು ಹಾಕಿ ಎಳೆದಿದ್ದಾರೆ. ಎರಡು ಉಗುರು ಇಲ್ಲ.

ಮಹಾದೇವಯ್ಯ ಹಾರೆ ಹಿಡಿದುಕೊಂಡೇ ನಿಂತಿದ್ದರು. "ಬಾಗ್ಲ ಹಿಂದೇನೇ ನೆಲದ ಮೇಲೆ ಕೂತಿದ್ರು ಮೇಷ್ಟ್ರೇ. ಪಂಚೆಯೆಲ್ಲ ಒದ್ದೆ. ಕೂಗಿ ಕೂಗಿ ಗಂಟ್ಲು ಬಿದ್ದೋಗಿದೆ. ಪಕ್ಕದಲ್ಲೇ ಇದೀನಿ, ಟೀವಿ ಸದ್ದಲ್ಲಿ ನನಗೂ ಕೇಳಿಸ್ಲಿಲ್ಲ." ಹಾರೆಯನ್ನು ಗೋಡೆಗೆ ಒರಗಿಸಿದರು. "ಒಂದು ಮಾತು ಹೇಳಿ ಹೋಗಿದ್ರೆ ನಾನು ಬಂದು ಕೂರ್ತಿರ್ಲಿಲ್ವಾ?"

ನಾನು ಅವರನ್ನು ಒಂದು ದಿನವೂ ಕೇಳಿರಲಿಲ್ಲ.

ಅಪ್ಪ ನನ್ನನ್ನು ನೋಡಿದ ತಕ್ಷಣ ಎಡಗೈ ಚಾಚಿದರು. "ಬಂದ್ಯಾ? ಅವ್ನು ಕೂಡಾಕ್ಬಿಟ್ಟಿದ್ದ ಕಣೋ. ನೀನು ಬಂದ್ಯಲ್ಲ ಸದ್ಯ. ನೀನು ಬತ್ತೀಯಾ ಅಂತ ಗೊತ್ತಿತ್ತು ನನಗೆ."

ನಾಗಭೂಷಣ್‌ಗೆ ಬರಬೇಡ ಅಂತ ಮೆಸೇಜ್ ಹಾಕಿದೆ. ಬೇರೆ ಏನೂ ಬರೆಯಲಿಲ್ಲ.


ಡಿಸೆಂಬರ್ ೩

ಮಳೆ ಬಿಟ್ಟಿಲ್ಲ. ಅಪ್ಪನಿಗೆ ಜ್ವರ. ರಜೆ ಹಾಕಿದ್ದೇನೆ. ಲಕ್ಷ್ಮೀದೇವಮ್ಮ ನಮ್ಮ ಗೇಟಿನ ಮುಂದೆ ಹಾದು ಹೋದರು, ಒಳಗೆ ನೋಡಲಿಲ್ಲ.


ಡಿಸೆಂಬರ್ ೪

ಫೋನಲ್ಲಿ ವಿಷಯ ಹೇಳಿದ್ದೆ, ಮಂಜು ಬಂದಳು. ಬ್ಯಾಗು ಕೆಳಗಿಡದೆ ನೇರ ಅಪ್ಪನ ಹತ್ತಿರ ಹೋಗಿ ನಾನು ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕೈ ತೊಳೆದು, ಔಷಧಿ ಹಚ್ಚಿ, ಬೆರಳಿಗೆ ಬೆರಳು ಬೇರೆ ಮಾಡಿ ಕಟ್ಟಿದಳು. ಅಷ್ಟೂ ಹೊತ್ತು ನನ್ನ ಕಡೆ ತಿರುಗಲಿಲ್ಲ. ಅಪ್ಪ ಮಲಗಿದ ಮೇಲೆ ಹಿತ್ತಿಲ ಮೆಟ್ಟಿಲಲ್ಲಿ ಕೂತೆವು.

"ಎಷ್ಟು ಸಲ?" ಅಂದಳು.

"ಬಹಳ ಸಲ. ಮೊದಮೊದಲು ನೀರು ನೋಡೋಕೆ. ಆಮೇಲೆ ಸುಮ್ಮನೆ."

ಬಯ್ಯುತ್ತಾಳೆ ಅಂತ ಕಾದೆ. ಬಯ್ಯಲಿಲ್ಲ. ಒಗೆಯೋ ಕಲ್ಲಿನ ಮೇಲೆ ಮಳೆ ಬೀಳುವುದನ್ನೇ ನೋಡುತ್ತಿದ್ದಳು.

"ಕುಣಿಗಲ್‌ಗೆ ಆರ್ಡರ್ ಬರ್ಲಿಲ್ಲ ಕಣ್ರೀ. ನಾನೇ ಬರ್ಕೊಟ್ಟು ಹಾಕಿಸ್ಕೊಂಡೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಜುಲೈನಲ್ಲಿ ಒಂದಿನ ಮಾವನಿಗೆ ಮಾತ್ರೆ ಕೊಡುವಾಗ ಉಗುಳಿದ್ರು. ನಾನು ದವಡೆ ಹಿಡ್ಕೊಂಡೆ. ಗಟ್ಟಿಯಾಗಿ ಹಿಡ್ಕೊಂಡೆ. ಬಿಡೋಕೆ ಮನಸ್ಸು ಬರ್ಲಿಲ್ಲ. ಆಸ್ಪತ್ರೇಲಿ ಒಂದಿನಾನೂ ಯಾರಿಗೂ ಹಂಗೆ ಮಾಡಿಲ್ಲ ನಾನು. ಮಾರನೇ ದಿನಾನೇ ಹೋಗಿ ಬರ್ಕೊಟ್ಟೆ." ಸೆರಗಲ್ಲಿ ಮೂಗು ಒರೆಸಿಕೊಂಡಳು. "ನೀವು ಒಂದ್ ಗಂಟೆ ಬೀಗ ಹಾಕ್ಕೊಂಡು ಹೋದ್ರಿ. ನಾನು ವಾರಗಟ್ಟಲೆ ಹಾಕ್ಕೊಂಡು ಹೋಗ್ತಿದೀನಿ. ನಿಮ್ಮನ್ನೂ ಒಳಗೆ ಹಾಕಿ."

ಸಿಟ್ಟು ಬರಬೇಕಿತ್ತು. ಎಲ್ಲಿ ಹೋಯಿತೋ. ಕೇಳಿದ್ದು ಇಷ್ಟೇ: "ಅಲ್ಲಿ ರೂಮಲ್ಲಿ ನಿದ್ದೆ ಬರುತ್ತಾ?"

"ಬರುತ್ತೆ."

"ಒಳ್ಳೇದಾಯ್ತು" ಅಂದೆ.

ಅವಳು ಅತ್ತಳು. ನಾನು ಅಕ್ಕಿ ತೊಳೆಯೋಕೆ ಎದ್ದೆ.


ಡಿಸೆಂಬರ್ ೮

ಜ್ವರ ಇಳಿದಿದೆ. ಮಹಾದೇವಯ್ಯ ಬಂದು ಚೌಕಟ್ಟಿಗೆ ಮರದ ತುಂಡು ಹೊಡೆದು ಕೊಟ್ಟರು. ಚಿಲಕ ಹಾಕಲಾ ಅಂದರು. ಒಳಗಡೆ ಹಾಕಿ, ಹೊರಗಡೆ ಬೇಡ ಅಂದೆ. ಹೋಗುವಾಗ, "ಸಂಜೆ ಹೊತ್ತು ಒಂದರ್ಧ ಗಂಟೆ ನಾನು ಬಂದು ಕೂತಿರ್ತೀನಿ, ನೀವೊಂದು ರೌಂಡ್ ಹೋಗಿ ಬನ್ನಿ" ಅಂದರು. ಹ್ಞೂ ಅಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಸೊಪ್ಪು ಸೋಸುವ ನೆಪ ಮಾಡಿಕೊಂಡೆ.


ಡಿಸೆಂಬರ್ ೧೩

ಲಕ್ಷ್ಮೀದೇವಮ್ಮ ಮತ್ತೆ ಬರುತ್ತಿದ್ದಾರೆ. ನನ್ನ ಜೊತೆ ಮಾತು ಕಡಿಮೆ. ಅಪ್ಪನ ಜೊತೆ ಜಾಸ್ತಿ.

ನಾಗಭೂಷಣ್ ಮೂರು ಮೆಸೇಜ್ ಹಾಕಿದ್ದಾನೆ. ಇಪ್ಪತ್ತೆರಡನೇ ತಾರೀಖು ಬರಲಾ, ಚೆಕ್ ಡ್ಯಾಮಿಗೆ ಹಲಗೆ ಇಳಿಸೋದ್ರೊಳಗೆ ನೋಡಿಬಿಡೋಣ ಅಂತ. ಅಪ್ಪನ ಉಗುರಿನ ಬುಡದಲ್ಲಿ ಹೊಸ ಚರ್ಮ ಬರುತ್ತಿದೆ. ಉತ್ತರ ಬರೆಯೋಕೆ ಮರೆತಿದ್ದೆ. ಈಗ ಬರೆದೆ.


ಡಿಸೆಂಬರ್ ೨೦

ಮಹಾದೇವಯ್ಯ ಕೂತಿದ್ದರು, ನಾನು ಹೋಗಿ ಕೆರೆ ಏರಿ ಹತ್ತಿ ನೋಡಿ ಬಂದೆ. ಕೋಡಿ ಕಲ್ಲಿಗಿಂತ ಒಂದು ಮೊಳ ಕೆಳಗಿದೆ. ತೂಬು ಎತ್ತುವವನನ್ನು ಕೇಳಿದೆ, ಸೋಮವಾರದವರೆಗೆ ಎತ್ತಲ್ಲ ಅಂದ. ಮೇಲಿನ ಗುಡ್ಡದ ಕಡೆ ಆಕಾಶ ಸ್ವಚ್ಛ. ಆಮೇಲೆ ಹಳ್ಳ ನೋಡಿದೆ. ಬರಬಹುದು ಅಂತ ನಾಗಭೂಷಣ್‌ಗೆ ಹೇಳಿದೆ.

ಮಂಜು ಫೋನಲ್ಲಿ, "ಭಾನುವಾರ ನಾನು ರಜಾ ಹಾಕಿ ಮಾವನ ಹತ್ರ ಇರ್ತೀನಿ, ನೀವು ಹೋಗ್ಬನ್ನಿ" ಅಂದಳು. ರಜಾ ಉಳಿಸಿಕೋ, ಅಪ್ಪನನ್ನೂ ಕರಕೊಂಡು ಹೋಗುತ್ತೇನೆ ಅಂದೆ. ಅವರ ಸ್ವೆಟರ್ ಬೀರುವಿನಲ್ಲಿದೆ, ಹಾಕಿ ಕರಕೊಂಡು ಹೋಗಿ ಅಂದಳು.


ಡಿಸೆಂಬರ್ ೨೨, ಭಾನುವಾರ

ನಾಗಭೂಷಣ್ ಕಾರಲ್ಲಿ ಬಂದ. ಕೂದಲೆಲ್ಲ ಹೋಗಿದೆ ಅವನಿಗೆ, ನನಗೆ ಹೊಟ್ಟೆ ಬಂದಿದೆ ಅಂತ ಅವನು ನಕ್ಕ. ಅಪ್ಪನಿಗೆ ಸ್ವೆಟರ್ ಹಾಕಿ, ಮಂಕಿ ಟೋಪಿ ಹಾಕಿ, ಮುಂದಿನ ಸೀಟಲ್ಲಿ ಕೂರಿಸಿದೆವು. ದಾರಿಯಲ್ಲಿ ಎರಡು ಸಲ ನಿಲ್ಲಿಸಬೇಕಾಯಿತು. ವಿದ್ಯಾರ್ಥಿಗಳು, ಒಬ್ಬ ಹುಡುಗ ಒಬ್ಬಳು ಹುಡುಗಿ, ಬೇಸರ ಮಾಡಿಕೊಳ್ಳಲಿಲ್ಲ.

ಮೊದಲು ಕೆರೆಗೆ ಕರಕೊಂಡು ಹೋಗಿ ತೋರಿಸಿದೆ. ಆಮೇಲೆ ಹಳ್ಳ. ಪಾದ ಮುಳುಗಲ್ಲ. ಮಧ್ಯಾಹ್ನದೊಳಗೆ ಈಚೆ ಬಂದುಬಿಡಬೇಕು, ನಾನು ಕೂಗಿದರೆ ಮರುಮಾತಾಡದೆ ಬರಬೇಕು ಅಂದೆ. ಆಯ್ತು ಸಾರ್ ಅಂದರು. ಓಬಳಯ್ಯ ಅವರನ್ನು ದಾಟಿಸಿದ.

ನಾನು ತೋಟದ ಬದುವಿನಲ್ಲಿ ಚಾಪೆ ಹಾಸಿ ಅಪ್ಪನನ್ನು ಕೂರಿಸಿಕೊಂಡೆ. ಬಾಳೆಹಣ್ಣು ಸುಲಿದು ಕೊಟ್ಟೆ, ಒಂದೂವರೆ ತಿಂದರು. ಓಬಳಯ್ಯ ಎಳನೀರು ಕೆತ್ತಿ ತಂದ. ಸ್ಟ್ರಾ ಬಾಯಲ್ಲಿಟ್ಟುಕೊಂಡರೆ ಎಳೆಯುವುದು ಹೇಗೆ ಅಂತ ಮರೆತುಹೋಗಿದೆ 
ಅವರಿಗೆ. ಲೋಟಕ್ಕೆ ಬಗ್ಗಿಸಿ ಕುಡಿಸಿದೆ. ಬಿಸಿಲು ಹಿತವಾಗಿತ್ತು. ಟೋಪಿ ತೆಗೆದೆ.

ಆಚೆಯಿಂದ ನಾಗಭೂಷಣ್ ಕೂಗಿದ. "ಲಕ್ಷ್ಮೀಕಾಂತ! ಡೌಟೇ ಇಲ್ಲ ಕಣೋ! ಬಾರೋ ಈ ಕಡೆ, ನೀನು ಹುಡುಕಿದ ಕಲ್ಲು, ನಿನ್ನ ಬಿಟ್ಟು ಫೋಟೋ ಹೆಂಗ್ ತೆಗೀಲಿ?"

ಓಬಳಯ್ಯ, "ಹೋಗ್ಬನ್ನಿ ಸಾ, ಅಯ್ಯನ್ನ ನಾನು ನೋಡ್ಕತೀನಿ" ಅಂದ. ಅಪ್ಪನ ಕೈ ನನ್ನ ತೊಡೆ ಮೇಲಿತ್ತು. ತೆಗೆದುಕೊಳ್ಳಿ ನೀವು ಅಂತ ಕೈ ಬೀಸಿದೆ.

ಅಪ್ಪ ಅವರನ್ನೇ ನೋಡುತ್ತಿದ್ದರು. "ಏನ್ ಹುಡುಕ್ತಾವ್ರೆ ಅವ್ರು?"

"ಕಲ್ಲು ನೋಡ್ತಿದಾರೆ ಅಪ್ಪ."

"ಕಲ್ಲಲ್ಲೇನೈತೆ?"

ಇಷ್ಟು ದಿನದಲ್ಲಿ ಅದನ್ನು ನನ್ನ ಕೇಳಿದವರು ಯಾರೂ ಇಲ್ಲ. ಹೇಳಿದೆ. ಬಹಳ ಹಿಂದೆ, ಮರ ಇಲ್ಲ, ಹುಲ್ಲಿಲ್ಲ, ಹಕ್ಕಿ ಇಲ್ಲ, ಯಾವ ಊರೂ ಇಲ್ಲದ ಕಾಲದಲ್ಲಿ ಇಲ್ಲಿ ನೀರು ನಿಂತಿತ್ತು. ಅದರ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿದ್ದವು. ಮೈ ಮೇಲೆ ಮಣ್ಣು ಬಿದ್ದಾಗೆಲ್ಲ ಬೆಳಕಿಗೋಸ್ಕರ ಮೇಲೆ ಮೇಲೆ ಬರುತ್ತಿದ್ದವು. ಬಂದ ಗುರುತು ಕಲ್ಲಲ್ಲಿ ಉಳಿದಿದೆ. ಕೈಯಲ್ಲಿ ಸುತ್ತು ಬರೆದು ತೋರಿಸಿದೆ. ಅಪ್ಪ ಬಾಯಿ ಸ್ವಲ್ಪ ತೆರೆದುಕೊಂಡು ಕೇಳಿದರು.

"ಆಗ ನೀರು ಎಷ್ಟಿತ್ತು?"

"ಹೆಚ್ಚಿರ್ಲಿಲ್ಲಪ್ಪ. ಬಿಸಿಲು ತಳ ಮುಟ್ಟೋ ಅಷ್ಟು."

ಅಪ್ಪ ಯೋಚನೆ ಮಾಡಿದರು. "ಹಂಗಾದ್ರೆ ದಾಟ್ಬೋದಿತ್ತು ಬುಡು."

"ಹ್ಞೂ. ದಾಟ್ಬೋದಿತ್ತು."

ಒಂದು ಕಾಗೆ ಬಂದು ಬಾಳೆಹಣ್ಣಿನ ಸಿಪ್ಪೆ ಎತ್ತಿಕೊಂಡು ಹೋಯಿತು. ಅಪ್ಪ ಅದು ಹೋದ ಕಡೆ ನೋಡಿದರು, ಆಮೇಲೆ ಹಳ್ಳದ ಕಡೆ ನೋಡಿದರು.

"ಏನ್ ಹುಡುಕ್ತಾವ್ರೆ ಅವ್ರು?"

ಮೊದಲಿಂದ ಹೇಳಿದೆ.